ಹೆಸರು ಅಳಿಸಿದ ಆಟಗಳು

1996ನೆಯ ಇಸವಿಯ ಬೇಸಗೆ ರಜೆಯ ಒಂದು ಮಧ್ಯಾಹ್ನ. ಆಗ ನಾನು ದಾವಣಗೆರೆಯಲ್ಲಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಒಂಬತ್ತು ವರ್ಷದ ಮಗಳ ಬಹುದಿನದ ಹಟಕ್ಕೆ ಸೋತು, ಪೇಟೆಯ ರೇಡಿಯೋ ರಿಪೇರಿ ಅಂಗಡಿಯೊಂದರಿಂದ, ಟೆಲಿವಿಷನ್ನಿಗೆ ಜೋಡಿಸಿ ಆಡುವ ಒಂದು ವಿಡಿಯೋ ಗೇಮ್ ಪೆಟ್ಟಿಗೆಯನ್ನು ಕೊಂಡು ತಂದಿದ್ದೆ. ಪೆಟ್ಟಿಗೆಯ ಮೇಲೆ ತಯಾರಿಸಿದವರ ಹೆಸರಾಗಲಿ, ಊರಾಗಲಿ ಇರಲಿಲ್ಲ. ಅದರೊಡನೆ ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಅದರ ಮೇಲೆ 9999 ಆಟಗಳಿವೆ ಎಂಬ ಘೋಷಣೆ. ಆಡಿ ನೋಡಿದರೆ ಹತ್ತು ಹದಿನೈದು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ಮೊದಲನೆಯ ಆಟದಲ್ಲಿ ಟೊಪ್ಪಿಗೆ ಇಟ್ಟ ಮೀಸೆಯ ಕುಳ್ಳನೊಬ್ಬ ಎಡದಿಂದ ಬಲಕ್ಕೆ ಓಡುತ್ತ, ಗುಂಡಿಗಳನ್ನು ದಾಟುತ್ತ, ಇಟ್ಟಿಗೆಯ ಜಗುಲಿಯಿಂದ ಜಗುಲಿಗೆ ನೆಗೆಯುತ್ತಿದ್ದ.

ಸ್ವಲ್ಪ ಹೊತ್ತು ಆಡಿದ ಮಗಳು ನನ್ನ ಕಡೆ ತಿರುಗಿ ಕೇಳಿದಳು: “ಅಪ್ಪಾ, ಪುಸ್ತಕದಲ್ಲಿ ಬರೆದವರ ಹೆಸರು ಇರುತ್ತಲ್ಲ, ಇದರಲ್ಲಿ ಯಾಕಿಲ್ಲ? ಇದನ್ನ ಮಾಡಿದ್ದು ಯಾರು?”

“ಆಟಕ್ಕೆ ಕರ್ತೃ ಎಲ್ಲಿಂದ ಬರಬೇಕು ಪುಟ್ಟೀ? ಚೌಕಾಬಾರ ಬರೆದವರು ಯಾರು? ಅಳಗುಳಿಮಣೆ ಬರೆದವರು ಯಾರು?” ಎಂದುಬಿಟ್ಟೆ. ನನ್ನ ಚಮತ್ಕಾರಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಆ ಉತ್ತರ ತಪ್ಪಾಗಿತ್ತೆಂಬುದು ಗೊತ್ತಾಗಲು ನನಗೆ ಬಹಳ ವರ್ಷಗಳು ಬೇಕಾದವು. ಈ ಹೊತ್ತಿನ ನನ್ನ ಮಾತು ಆ ತಪ್ಪುತ್ತರದ ತಿದ್ದುಪಡಿ ಎಂದು ಕೇಳುಗರು ಭಾವಿಸಬೇಕು.

ಮೊದಲು ಕಾನೂನಿನ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 1984ರಲ್ಲಿ ಅದಕ್ಕೆ ತಿದ್ದುಪಡಿಯಾದಾಗ, ಗಣಕಯಂತ್ರಕ್ಕೆ ಬರೆಯುವ ಕ್ರಮವಿಧಿಯನ್ನು, ಅಂದರೆ ನಾವು ಪ್ರೋಗ್ರಾಂ ಎನ್ನುವುದನ್ನು, ‘ಸಾಹಿತ್ಯಕೃತಿ’ ಎಂಬ ಪದದ ವ್ಯಾಪ್ತಿಯೊಳಗೆ ಸೇರಿಸಲಾಯಿತು. ಕಾವ್ಯವೂ ಕಾದಂಬರಿಯೂ ನಿಂತಿರುವ ಪಂಕ್ತಿಯಲ್ಲೇ ಕಾನೂನು ಅದಕ್ಕೂ ಒಂದು ಮಣೆ ಹಾಕಿತು. ಹಾಗೆ ನೋಡಿದರೆ, ಅಂದು ನನ್ನ ಮಗಳು ಕೇಳಿದ್ದು ಒಂದು ಸಾಹಿತ್ಯಕೃತಿಯ ಕರ್ತೃತ್ವದ ಪ್ರಶ್ನೆ. ಪಂಪನ ಕಾಲ, ರನ್ನನ ಆಶ್ರಯದಾತ ಎಂದು ವರ್ಷಗಟ್ಟಲೆ ಪಾಠ ಹೇಳಿದ ನಾನು ಅದನ್ನು ಗುರುತಿಸದೆ ಹೋದೆ.

ಇನ್ನು ಆ ಮೀಸೆಯ ಕುಳ್ಳನ ಜನ್ಮವೃತ್ತಾಂತ. ಅವನ ಹೆಸರು ಮಾರಿಯೋ ಎಂಬುದು ಈಗ ಎಲ್ಲ ಮಕ್ಕಳಿಗೂ ಗೊತ್ತು. ಜಪಾನಿನ ನಿಂಟೆಂಡೊ ಸಂಸ್ಥೆ 1983ರ ಜುಲೈ ತಿಂಗಳಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕೆ ತಂದಿತು. 1985ರ ಸೆಪ್ಟೆಂಬರ್ 13ರಂದು ಅದೇ ಯಂತ್ರಕ್ಕಾಗಿ ‘ಸೂಪರ್ ಮಾರಿಯೋ ಬ್ರದರ್ಸ್’ ಹೊರಬಂದಿತು. ಶಿಗೇರು ಮಿಯಾಮೊಟೊ ಮತ್ತು ತಕಾಶಿ ತೆಝುಕ ಅದರ ಕಲ್ಪಕರು. ಸಂಗೀತ ಕೋಜಿ ಕೊಂಡೊ ಅವರದು. ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ 32 ಘಟ್ಟಗಳು. ಇಷ್ಟೆಲ್ಲವೂ ಅಡಗಿದ್ದದ್ದು ಕೇವಲ 40 ಕಿಲೋಬೈಟುಗಳ ಜಾಗದಲ್ಲಿ. ನಾನು ಓದುತ್ತಿರುವ ಈ ಭಾಷಣವನ್ನು ಕನ್ನಡ ಅಕ್ಷರಗಳಲ್ಲಿ ಇಂದಿನ ಗಣಕದಲ್ಲಿ ಉಳಿಸಿದರೂ ಹೆಚ್ಚುಕಡಮೆ ಅಷ್ಟೇ ಜಾಗ ಬೇಕಾಗುತ್ತದೆ. ಆ ಇಕ್ಕಟ್ಟಿನಲ್ಲಿ ಅವರು ಮಾಡಿದ ಜಾಣತನಗಳನ್ನು ನೋಡಿದರೆ ಸಂತೋಷವಾಗುತ್ತದೆ. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಚಿತ್ರ ಒಂದೇ. ಬಿಳಿಯ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಸಾವಿರಾರು ಸಲ ಆಡಿದವರಿಗೂ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಇಂಥದೊಂದು ವಸ್ತು ಜನಪ್ರಿಯವಾದಾಗ ಅದರ ಅನುಕರಣಗಳು ಹುಟ್ಟುವುದು ಸಹಜ. ಆದರೆ ಅನುಕರಣಕಾರರನ್ನು ಕಟಕಟೆಯಲ್ಲಿ ನಿಲ್ಲಿಸುವ ಮೊದಲು, ಮೂಲದವರೇ ಒಮ್ಮೆ ಆ ಕಟಕಟೆಯಲ್ಲಿ ನಿಂತಿದ್ದರೆಂಬುದನ್ನು ನೆನೆಯಬೇಕು. ಮಾರಿಯೋ ಮೊದಲು ಕಾಣಿಸಿಕೊಂಡದ್ದು 1981ರ ‘ಡಾಂಕಿ ಕಾಂಗ್’ ಎಂಬ ಆಟದಲ್ಲಿ. ಆ ಆಟವನ್ನು ಮೊದಲು ಕಲ್ಪಿಸಿಕೊಂಡದ್ದು ಪಾಪಾಯ್ ಎಂಬ ಪ್ರಸಿದ್ಧ ಚಿತ್ರಕಥೆಯ ಪಾತ್ರಗಳನ್ನಿಟ್ಟುಕೊಂಡು. ಆಗ ಆ ಪಾತ್ರಗಳ ಹಕ್ಕು ದೊರೆಯಲಿಲ್ಲ. ಪಾಪಾಯ್‌ನ ಜಾಗಕ್ಕೆ ಬಡಗಿಯೊಬ್ಬ ಬಂದ, ಅವನ ವೈರಿಯ ಜಾಗಕ್ಕೆ ದೈತ್ಯ ಕಪಿಯೊಂದು ಬಂತು. 1982ರಲ್ಲಿ ಅಮೆರಿಕದ ಯೂನಿವರ್ಸಲ್ ಚಲನಚಿತ್ರ ಸಂಸ್ಥೆ, ಈ ಕಪಿ ತನ್ನ ‘ಕಿಂಗ್ ಕಾಂಗ್’ನ ನಕಲೆಂದು ನಿಂಟೆಂಡೊ ಮೇಲೆ ದಾವೆ ಹೂಡಿತು. ನಿಂಟೆಂಡೊ ಪರ ವಕೀಲ ಜಾನ್ ಕರ್ಬಿ ಹಳೆಯ ಕಡತವೊಂದನ್ನು ನ್ಯಾಯಾಲಯದ ಮುಂದಿಟ್ಟರು. ಕೆಲವೇ ವರ್ಷಗಳ ಹಿಂದೆ ಇದೇ ಯೂನಿವರ್ಸಲ್ ಸಂಸ್ಥೆ, ಬೇರೊಂದು ಮೊಕದ್ದಮೆಯಲ್ಲಿ, ಕಿಂಗ್ ಕಾಂಗ್ ಕಥೆ ಸಾರ್ವಜನಿಕ ಸ್ವತ್ತು, ಅದಕ್ಕೆ ಯಾರೂ ಒಡೆಯರಿಲ್ಲ ಎಂದು ತಾನೇ ವಾದಿಸಿ ಗೆದ್ದಿತ್ತು! 1983ರಲ್ಲಿ ನಿಂಟೆಂಡೊ ಗೆದ್ದಿತು. 1984ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು. ಒಡೆತನದ ಮಾತು ಆಡುವವರ ನಾಲಗೆ ಸಂದರ್ಭಕ್ಕೆ ತಕ್ಕಂತೆ ಹೊರಳುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಈಗ ಜರ್ಮನಿಗೆ ಹೋಗೋಣ. 1987ರಲ್ಲಿ ಅಲ್ಲಿನ ಟೈಮ್ ವಾರ್ಪ್ ಎಂಬ ಪುಟ್ಟ ತಂಡ ತಯಾರಿಸಿ, ರೇನ್‌ಬೋ ಆರ್ಟ್ಸ್ ಸಂಸ್ಥೆ ಪ್ರಕಟಿಸಿದ ಆಟ ‘ದಿ ಗ್ರೇಟ್ ಜಿಯಾನಾ ಸಿಸ್ಟರ್ಸ್’. ‘ಸೂಪರ್ ಮಾರಿಯೋ ಬ್ರದರ್ಸ್’ ನಿಂಟೆಂಡೊ ಯಂತ್ರಕ್ಕಾಗಿ ಮಾಡಿದ ಆಟ. ಯೂರೋಪಿನ ಮನೆಗಳಲ್ಲಿ ಹೆಚ್ಚಾಗಿ ಇದ್ದದ್ದು ಕಮಡೋರ್ 64ರಂಥ ಗೃಹಗಣಕಗಳು. ಆ ಗಣಕಗಳಿಗೆ ಆ ಆಟ ಬಂದಿರಲಿಲ್ಲ. ಅಣ್ಣತಮ್ಮಂದಿರ ಬದಲು ಈ ತಂಡ ಜಿಯಾನಾ, ಮರಿಯಾ ಎಂಬ ಅಕ್ಕತಂಗಿಯರನ್ನು ಕಳುಹಿಸಿತು. ಆರ್ಮಿನ್ ಗೆಸ್ಸರ್ಟ್ ಕ್ರಮವಿಧಿ ಬರೆದರು, ಮಾನ್‌ಫ್ರೆಡ್ ಟ್ರೆನ್ಝ್ ಚಿತ್ರ ಬರೆದರು, ಕ್ರಿಸ್ ಹ್ಯೂಲ್ಸ್‌ಬೆಕ್ ಸಂಗೀತ ಕೂಡಿಸಿದರು. ಘಟ್ಟಗಳು ಇಲ್ಲೂ 32. ಮೊದಲನೆಯ ಘಟ್ಟವಂತೂ ಮಾರಿಯೋನ ಮೊದಲ ಘಟ್ಟದ ಪಡಿಯಚ್ಚು: ಇಟ್ಟಿಗೆಗಳು ಅಲ್ಲಲ್ಲೇ, ಕೊಳವೆಗಳು ಅಲ್ಲಲ್ಲೇ. ನಾಣ್ಯದ ಬದಲು ವಜ್ರ, ಅಷ್ಟೆ. ಸಾಲದುದಕ್ಕೆ, ‘ಅಣ್ಣತಮ್ಮಂದಿರ ಕಾಲ ಮುಗಿಯಿತು’ ಎಂಬರ್ಥದ ಜಂಬದ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚುಮಾಡಿಸಿದ್ದರು.

ನಿಂಟೆಂಡೊ ಸುಮ್ಮನಿರಲಿಲ್ಲ. ಮೊಕದ್ದಮೆ ನಡೆದು ತೀರ್ಪು ಬಂತೆಂಬ ಕಥೆ ಪ್ರಚಾರದಲ್ಲಿದೆಯಾದರೂ, ವಿಷಯ ಅಲ್ಲಿಯವರೆಗೆ ಹೋಗಲಿಲ್ಲ. ಒತ್ತಡಕ್ಕೆ ಮಣಿದು ಆಟವನ್ನು ಮಾರಾಟದಿಂದ ಹಿಂತೆಗೆದರು. ಅಂಗಡಿಯಿಂದ ಮಾಯವಾದದ್ದು ಮನೆಯಿಂದ ಮನೆಗೆ ಹಬ್ಬಿತು. ಹುಡುಗರು ಫ್ಲಾಪಿ ತಟ್ಟೆಗಳಲ್ಲಿ ಪ್ರತಿ ಮಾಡಿ ಹಂಚಿಕೊಂಡರು. ನಕಲಿನ ನಕಲುಗಳಲ್ಲಿ ಜಿಯಾನಾ ಬದುಕಿದಳು.

ಆ ಆಟ ಕಳವೇ? ಮೊದಲ ಘಟ್ಟವನ್ನು ನೋಡಿದವನು ಹೌದೆನ್ನಲೇಬೇಕು. ಆದರೆ ಮುಂದೆ ಮುಂದೆ ಹೋದಂತೆ ಕೈ ಬೇರೆಯಾಗುತ್ತದೆ. ಜಿಯಾನಾ ಕನಸು ಕಾಣುತ್ತಿರುವ ಹುಡುಗಿ. ಮಾಂತ್ರಿಕ ಗೋಳವೊಂದು ಸಿಕ್ಕರೆ ಅವಳ ತಲೆಗೂದಲು ಮುಳ್ಳಿನಂತೆ ನಿಮಿರಿ, ತಲೆಯಿಂದಲೇ ಕಲ್ಲನ್ನು ಒಡೆಯುವವಳಾಗುತ್ತಾಳೆ. ಹ್ಯೂಲ್ಸ್‌ಬೆಕ್ ಅವರ ಸಂಗೀತದಲ್ಲಿ ಕೊಂಡೊ ಅವರ ಲವಲವಿಕೆಯ ಕುಣಿತವಿಲ್ಲ. ಕನಸಿಗೆ ಹೊಂದುವ ಒಂದು ವಿಷಾದವಿದೆ. ಆ ತರುಣರು ನಕಲು ಮಾಡುತ್ತಲೇ ಕೆಲಸ ಕಲಿತರು. ಮರುವರ್ಷವೇ ಟ್ರೆನ್ಝ್ ‘ಕಟಾಕಿಸ್’ ಎಂಬ ಇನ್ನೊಂದು ಆಟದಲ್ಲಿ ಜಪಾನಿನ ‘ಆರ್-ಟೈಪ್’ ಎಂಬ ಬಾಹ್ಯಾಕಾಶದ ಯುದ್ಧದಾಟವನ್ನು ಅನುಕರಿಸಿದರು. ಆರ್-ಟೈಪನ್ನು ಗೃಹಗಣಕಗಳಿಗೆ ತರುವ ಹಕ್ಕು ಪಡೆದಿದ್ದ ಆಕ್ಟಿವಿಷನ್ ಸಂಸ್ಥೆ ಆಕ್ಷೇಪಿಸಿತು. ಆಕ್ಷೇಪಿಸಿ, ಕಮಡೋರ್ 64ಕ್ಕೆ ಆರ್-ಟೈಪಿನ ಅಧಿಕೃತ ರೂಪವನ್ನು ಸಿದ್ಧಪಡಿಸುವ ಕೆಲಸವನ್ನು ಇವರಿಗೇ ಒಪ್ಪಿಸಿತು! ಕೈಚಳಕ ನೋಡಿ ಕಳ್ಳನನ್ನೇ ಕಾವಲಿಗೆ ನೇಮಿಸಿದಂತಾಯಿತು. 1990ರಲ್ಲಿ ಟ್ರೆನ್ಝ್ ರಚಿಸಿದ ‘ಟರಿಕನ್’ ಅವರ ಸ್ವಂತ ಕೃತಿಯಾಗಿ ಹೆಸರು ಮಾಡಿತು.

ಅಮೆರಿಕದಲ್ಲಿ ನಡೆದದ್ದೂ ಇದಕ್ಕೆ ಹತ್ತಿರದ ಕಥೆ. 1990ರ ಸೆಪ್ಟೆಂಬರಿನ ಒಂದು ರಾತ್ರಿ, ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ಊರಿನಲ್ಲಿ, ಜಾನ್ ಕಾರ್ಮಾಕ್ ಮತ್ತು ಟಾಮ್ ಹಾಲ್ ಎಂಬಿಬ್ಬರು ತರುಣರು ಬೆಳಗಾಗುವುದರೊಳಗೆ ‘ಸೂಪರ್ ಮಾರಿಯೋ ಬ್ರದರ್ಸ್ 3’ರ ಮೊದಲ ಘಟ್ಟವನ್ನು ಕಛೇರಿಯ ಗಣಕದ ಮೇಲೆ ಮೂಡಿಸಿದರು. ಆ ಗಣಕಗಳಲ್ಲಿ ಹಿನ್ನೆಲೆಯ ಚಿತ್ರ ಅಷ್ಟು ನಯವಾಗಿ ಜರುಗುವುದು ಸಾಧ್ಯವಿಲ್ಲವೆಂಬ ನಂಬಿಕೆ ಆಗ ಇತ್ತು. ತಮಾಷೆಗೆ ಅವರು ಅದಕ್ಕಿಟ್ಟ ಹೆಸರಿನಲ್ಲೇ ‘ಕೃತಿಸ್ವಾಮ್ಯದ ಉಲ್ಲಂಘನೆ’ ಎಂಬ ಮಾತಿತ್ತು. ಅನಂತರ ತಂಡದವರು ಇನ್ನೂ ಪೂರ್ಣವಾದ ಮಾದರಿಯೊಂದನ್ನು ಮಾಡಿ ನಿಂಟೆಂಡೊಗೇ ಕಳುಹಿಸಿ ಅನುಮತಿ ಕೇಳಿದರು. ಅನುಮತಿ ದೊರೆಯಲಿಲ್ಲ. ಅದೇ ವಿದ್ಯೆಯನ್ನು ಬಳಸಿ ಆ ವರ್ಷದ ಡಿಸೆಂಬರಿನಲ್ಲಿ ‘ಕಮ್ಯಾಂಡರ್ ಕೀನ್’ ಎಂಬ ತಮ್ಮದೇ ಆಟವನ್ನು ಹೊರತಂದರು. ಬಾಗಿಲು ಮುಚ್ಚಿದ್ದರಿಂದ ಅವರು ತಮ್ಮದೇ ಮನೆ ಕಟ್ಟಿಕೊಂಡರು.

ಇಲ್ಲಿಯವರೆಗೆ ಹೇಳಿದವರಿಗೆಲ್ಲ ಒಂದು ಭಾಗ್ಯವಿತ್ತು: ಅವರ ಹೆಸರುಗಳು ನಮಗೆ ಗೊತ್ತಿವೆ. ನನ್ನ ಮಗಳ ಹಳದಿ ಕ್ಯಾಸೆಟ್ಟು ಬಂದದ್ದು ಹೆಸರುಗಳಿಲ್ಲದ ಇನ್ನೊಂದು ಲೋಕದಿಂದ.

ಅಮೆರಿಕಕ್ಕೆ ಹೋದ ನಿಂಟೆಂಡೊ ಯಂತ್ರದೊಳಗೆ 1985ರಿಂದಲೇ ಒಂದು ಬೀಗದ ಚಿಪ್ಪು ಇತ್ತು. ಸಂಸ್ಥೆಯ ಒಪ್ಪಿಗೆ ಪಡೆಯದ ಕ್ಯಾಸೆಟ್ಟನ್ನು ಅದು ನಡೆಯಗೊಡುತ್ತಿರಲಿಲ್ಲ. ಜಪಾನಿನ ಮೂಲಯಂತ್ರದಲ್ಲಿ ಆ ಬೀಗವಿರಲಿಲ್ಲ. ತೈವಾನಿನ ತಯಾರಕರು ಅನುಸರಿಸಿದ್ದು ಈ ಬೀಗವಿಲ್ಲದ ಯಂತ್ರವನ್ನು. ಅದರ ಚಿಪ್ಪುಗಳಿಗೆ ಸರಿಹೊಂದುವ ಚಿಪ್ಪುಗಳನ್ನು ತಾವೇ ತಯಾರಿಸಿದರು. ಮುಂದೆ ಅವೆಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಕಗೊಳಿಸಿ, ಮೇಲೆ ಕಪ್ಪು ಅಂಟಿನ ಬೊಟ್ಟೊಂದನ್ನು ಇಟ್ಟರು. ಕ್ಯಾಸೆಟ್ಟಿನದು ಇನ್ನೂ ಸುಲಭ: ಒಂದು ಚಿಪ್ಪಿನಲ್ಲಿರುವುದನ್ನು ಓದಿ ಇನ್ನೊಂದಕ್ಕೆ ಬರೆದರೆ ಮುಗಿಯಿತು. ಹೀಗೆ ಹುಟ್ಟಿದ ಯಂತ್ರಗಳು ಪೋಲೆಂಡಿನಲ್ಲಿ ‘ಪೆಗಾಸಸ್’ ಎಂದೂ, 1992ರ ಡಿಸೆಂಬರಿನಿಂದ ರಷ್ಯದಲ್ಲಿ ‘ಡೆಂಡಿ’ ಎಂದೂ, ಚೀನದಲ್ಲಿ ಕೀಲಿಮಣೆ ಸೇರಿಸಿದ ‘ಸುಬೋರ್’ ಎಂಬ ಕಲಿಕೆಯ ಯಂತ್ರವೆಂದೂ ಮಾರಾಟವಾದವು. ನಮ್ಮ ಊರುಗಳ ರೇಡಿಯೋ ಅಂಗಡಿಗಳಿಗೆ ಹೆಸರೇ ಇಲ್ಲದೆ ಬಂದವು.

ರಷ್ಯದ ಸಂಗತಿಯನ್ನು ಇಲ್ಲಿ ಗಮನಿಸಬೇಕು. ಸ್ಟೀಪ್ಲರ್ ಎಂಬ ಕಂಪನಿ ಡೆಂಡಿಯನ್ನು ಮಾರುಕಟ್ಟೆಗೆ ತಂದಾಗ ಆ ದೇಶದಲ್ಲಿ ಮೂಲಯಂತ್ರ ಅಧಿಕೃತವಾಗಿ ಮಾರಾಟದಲ್ಲಿರಲಿಲ್ಲ. ಒಂದು ಪೀಳಿಗೆಯ ರಷ್ಯನ್ ಮಕ್ಕಳಿಗೆ ಡೆಂಡಿಯೇ ಮೂಲ. ದಾವಣಗೆರೆಯ ನನ್ನ ಮಗಳ ಪಾಲಿಗೂ ಹಾಗೆಯೇ. ನಮ್ಮ ಪೇಟೆಯಲ್ಲಿ ಮೂಲಯಂತ್ರವನ್ನು ನಾನು ಎಂದೂ ಕಾಣಲಿಲ್ಲ; ಕಂಡಿದ್ದರೂ ಮೇಷ್ಟರ ಸಂಬಳದಲ್ಲಿ ಕೊಳ್ಳುತ್ತಿದ್ದೆನೆಂದು ಧೈರ್ಯವಾಗಿ ಹೇಳಲಾರೆ. ಅಂಗಡಿಗೆ ಬಾರದ ವಸ್ತುವನ್ನು ಕಳವಿನಿಂದ ಪಡೆದವನು ಒಡೆಯನಿಗೆ ಎಷ್ಟು ನಷ್ಟ ಮಾಡಿದ ಎಂಬ ಲೆಕ್ಕವನ್ನು ವಕೀಲರಿಗೆ ಬಿಡೋಣ. ಮಕ್ಕಳಿಗೆ ದೊರೆತ ಸಂತೋಷವಂತೂ ನಕಲಿಯಾಗಿರಲಿಲ್ಲ.

ತೈವಾನಿನವರು ಇದ್ದದ್ದನ್ನು ಪ್ರತಿ ಮಾಡಿ ನಿಲ್ಲಲಿಲ್ಲ, ತಾವೂ ಬರೆದರು. ಈಗ ‘ಹಮ್ಮರ್ ಟೀಮ್’ ಎಂದು ಗುರುತಿಸಲಾಗುವ ತಂಡವೊಂದು 1994ರಲ್ಲಿ ‘ಸೊಮಾರಿ’ ಎಂಬ ಆಟವನ್ನು ಮಾಡಿತು. ನಿಂಟೆಂಡೊದ ಎದುರಾಳಿ ಸೆಗಾ ಸಂಸ್ಥೆ 1991ರಲ್ಲಿ ಹೊರತಂದಿದ್ದ ‘ಸಾನಿಕ್’ ಎಂಬ ನೀಲಿ ಮುಳ್ಳುಹಂದಿಯ ಆಟದ ಬಯಲುಗಳಲ್ಲಿ ಇಲ್ಲಿ ಮಾರಿಯೋ ಓಡುತ್ತಾನೆ. ಸೆಗಾದ್ದು 16 ಬಿಟ್ಟಿನ ಬಲವಾದ ಯಂತ್ರ; ಅದರ ಆಟವನ್ನು 8 ಬಿಟ್ಟಿನ ಹಳೆಯ ಯಂತ್ರದೊಳಗೆ ಅಡಗಿಸುವುದು ಸಣ್ಣ ಕೆಲಸವಲ್ಲ. ಆಟ ಒರಟಾಗಿದೆ, ನಿಜ. ಆದರೂ ಎರಡು ಸಂಸ್ಥೆಗಳ ಪೈಪೋಟಿಯನ್ನು ಗಣನೆಗೆ ತಾರದೆ ಈ ಇಬ್ಬರು ನಾಯಕರ ಲೋಕಗಳನ್ನು ಬೆರೆಸುವ ಸ್ವಾತಂತ್ರ್ಯ ಕಳ್ಳರಿಗೆ ಮಾತ್ರ ಇತ್ತು. ಮಾರಿಯೋ ಮತ್ತು ಸಾನಿಕ್ ಅಧಿಕೃತವಾಗಿ ಒಂದೇ ಆಟದಲ್ಲಿ ಕಾಣಿಸಿಕೊಂಡದ್ದು 2007ರಲ್ಲಿ, ಒಲಿಂಪಿಕ್ ಕ್ರೀಡೆಗಳ ನೆವದಲ್ಲಿ.

ಇಷ್ಟು ಹೇಳಿದ ಮೇಲೆ ಕೇಳುಗರು ಕೇಳಬಹುದು: ಹಾಗಾದರೆ ಅನುಕರಣೆ ತಪ್ಪಲ್ಲವೇ? ಕನ್ನಡ ಸಾಹಿತ್ಯದ ವಿದ್ಯಾರ್ಥಿಯಾಗಿ ಅನುಕರಣೆಯನ್ನು ಹೀಗಳೆಯುವ ಅಧಿಕಾರ ನನಗಿಲ್ಲ. ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಆಧರಿಸಿದ ಗ್ರಂಥ. ಪಂಪನ ಭಾರತಕ್ಕೆ ವ್ಯಾಸರ ಭಾರತವೇ ಮೂಲ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದುಕೊಡದಿದ್ದರೆ ನಮ್ಮಲ್ಲಿ ಕಾದಂಬರಿಯ ರುಚಿ ಹತ್ತಲು ಇನ್ನಷ್ಟು ಕಾಲ ಬೇಕಾಗುತ್ತಿತ್ತು. ಆದರೆ ಪಂಪ ವ್ಯಾಸರ ಹೆಸರನ್ನು ಮುಚ್ಚಿಡಲಿಲ್ಲ. ಭಕ್ತಿಯಿಂದ ಸ್ಮರಿಸಿ, ತನ್ನ ಹೆಸರನ್ನೂ ಹೇಳಿಕೊಂಡ. ಪಡೆದ ಸಾಲವನ್ನು ಒಪ್ಪಿಕೊಂಡವನು ಋಣಿ. ಸಾಲಪತ್ರವನ್ನು ಹರಿದು ಹಾಕಿದವನನ್ನು ಬೇರೆ ಹೆಸರಿನಿಂದ ಕರೆಯಬೇಕಾಗುತ್ತದೆ. ಇಂಥ ಕ್ಯಾಸೆಟ್ಟುಗಳ ಮಾರಿಯೋ ಆಟದಲ್ಲಿ, ಮುಖಪರದೆಯ ಮೇಲಿದ್ದ ‘1985 ನಿಂಟೆಂಡೊ’ ಎಂಬ ಒಂದು ಸಾಲನ್ನು ಅಳಿಸಿಹಾಕುವುದು ರೂಢಿಯಾಗಿತ್ತು. ನನ್ನ ಮಗಳ ಕಣ್ಣು ಹುಡುಕಿದ್ದು ಆ ಖಾಲಿ ಜಾಗವನ್ನು.

ಆದರೆ ಆ ಸಾಲು ಅಳಿಯದೆ ಉಳಿದಿದ್ದರೆ ಅವಳ ಪ್ರಶ್ನೆಗೆ ಉತ್ತರ ಸಿಗುತ್ತಿತ್ತೇ? ಅಲ್ಲಿದ್ದದ್ದು ಕಂಪನಿಯ ಹೆಸರು ಮಾತ್ರ. 1985ರ ಮೂಲ ಆಟವನ್ನು ಕೊನೆಯವರೆಗೆ ಆಡಿ ರಾಜಕುಮಾರಿಯನ್ನು ಬಿಡಿಸಿದರೂ ಮಿಯಾಮೊಟೊ, ತೆಝುಕ, ಕೊಂಡೊ ಯಾರ ಹೆಸರೂ ಪರದೆಯ ಮೇಲೆ ಬರುವುದಿಲ್ಲ. ಡಾಂಕಿ ಕಾಂಗಿನ ಕ್ರಮವಿಧಿಯನ್ನು ಬರೆಯುವ ಕೆಲಸ ಮಾಡಿದವರು ಇಕೆಗಾಮಿ ಸುಶಿನ್ಕಿ ಎಂಬ ಇನ್ನೊಂದು ಸಂಸ್ಥೆಯ ತಂತ್ರಜ್ಞರು. ಅದರ ಹಕ್ಕಿಗಾಗಿ ಆ ಸಂಸ್ಥೆ 1983ರಲ್ಲಿ ನಿಂಟೆಂಡೊ ಮೇಲೆ ದಾವೆ ಹೂಡಿದ ಸಂಗತಿ ಜಪಾನಿನ ಹೊರಗೆ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಅಮೆರಿಕದ ಅಟಾರಿ ಸಂಸ್ಥೆಯಲ್ಲಂತೂ ಆಟ ಬರೆದವರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ಅಲ್ಲಿದ್ದ ವಾರೆನ್ ರಾಬಿನೆಟ್ ತಮ್ಮ ‘ಅಡ್ವೆಂಚರ್’ ಎಂಬ ಆಟದೊಳಗೆ ಗುಪ್ತವಾದ ಒಂದು ಕೋಣೆಯನ್ನು ಕಟ್ಟಿ, ಅದರಲ್ಲಿ ತಮ್ಮ ಹೆಸರನ್ನು ಬಚ್ಚಿಟ್ಟರು. ಹಳೆಯ ಗುಡಿಯ ಮೂಲೆಯ ಕಂಬದಲ್ಲಿ ರೂವಾರಿ ತನ್ನ ಹೆಸರು ಕೆತ್ತಿದ್ದು ನನಗೆ ನೆನಪಾಗುತ್ತದೆ. ಕಳ್ಳ ಅಳಿಸಿದ್ದು ಒಡೆಯನ ಹೆಸರನ್ನು. ಕೆಲಸಗಾರನ ಹೆಸರನ್ನು ಒಡೆಯನೇ ಮೊದಲು ಬರೆದಿರಲಿಲ್ಲ. ಕಳವಿನ ಚರಿತ್ರೆಯನ್ನು ಬರೆಯುವವರು ಈ ಎರಡು ಅಳಿಸುವಿಕೆಗಳನ್ನೂ ಬರೆಯಬೇಕೆಂದು ನನ್ನ ನಮ್ರವಾದ ಅಭಿಪ್ರಾಯ.

ಕಾಲ ಕೆಲವು ಲೆಕ್ಕಗಳನ್ನು ತಾನೇ ಸರಿಪಡಿಸಿದೆ. ನಿಷಿದ್ಧಳಾಗಿದ್ದ ಜಿಯಾನಾ 2009ರಲ್ಲಿ ಮತ್ತೆ ಬಂದಳು. ಅದೂ ನಿಂಟೆಂಡೊದ್ದೇ ಆದ ಕೈಯಂತ್ರದಲ್ಲಿ, ರಾಜಾರೋಷವಾಗಿ. ಆ ಹೊಸ ಆಟವನ್ನು ತಂದದ್ದು ಗೆಸ್ಸರ್ಟ್ ಸ್ಥಾಪಿಸಿದ್ದ ಸಂಸ್ಥೆ. ಅದೇ ವರ್ಷ ಅವರು ತೀರಿಕೊಂಡರು. ಅಮೆರಿಕದ ತರುಣರು ಅನುಮತಿ ಕೋರಿ ಕಳುಹಿಸಿದ್ದ ಮಾದರಿಯ ಒಂದು ಪ್ರತಿ 2021ರಲ್ಲಿ ರಾಚೆಸ್ಟರ್ ನಗರದ ವಸ್ತುಸಂಗ್ರಹಾಲಯವನ್ನು ಸೇರಿತು. ಮಿಯಾಮೊಟೊ ಇಂದು ಜಗತ್ಪ್ರಸಿದ್ಧರು. ಆದರೆ ಮೂಲದ ಒಂದು ಸಾಲನ್ನು ಅಳಿಸಿ ಕ್ಯಾಸೆಟ್ಟು ತುಂಬಿದವರು, ಎಂಟು ಬಿಟ್ಟಿನ ಯಂತ್ರದಲ್ಲಿ ಹದಿನಾರು ಬಿಟ್ಟಿನ ವೇಗವನ್ನು ಹಿಡಿಯಲು ನಿದ್ದೆಗೆಟ್ಟವರು ಬಹುಪಾಲು ಹೆಸರಿಲ್ಲದೆಯೇ ಉಳಿದಿದ್ದಾರೆ. ಹೆಸರು ಹೇಳಿಕೊಂಡರೆ ಸೆರೆಮನೆ ಎಂಬ ಭಯವಿದ್ದವರಿಗೆ ಕೀರ್ತಿಯ ಆಸೆ ಎಲ್ಲಿಂದ ಬರಬೇಕು?

ಆ ಹಳದಿ ಕ್ಯಾಸೆಟ್ಟು ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಮಗಳು ಈಗ ಸ್ವತಃ ತಾಯಿ. ಬೆಂಗಳೂರಿನಲ್ಲಿ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವುದೇ ಅವಳ ಉದ್ಯೋಗ. ಹೋದ ತಿಂಗಳು ಬಂದಿದ್ದಾಗ ಈ ಭಾಷಣದ ಕರಡನ್ನು ಅವಳಿಗೆ ಓದಿ ತೋರಿಸಿ, ಅವತ್ತಿನ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಅವಳು ನಕ್ಕು, “ನಾನು ಬರೆದಿದ್ದರಲ್ಲೂ ಎಲ್ಲೂ ನನ್ನ ಹೆಸರು ಇರಲ್ಲಪ್ಪ, ಕಂಪನಿ ಹೆಸರೇ ಇರೋದು” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾತನ್ನು ಇಲ್ಲಿ ಸೇರಿಸಲೇ ಎಂದು ಕೇಳಿದೆ; ಆಗಲೆಂದಳು. ಸೇರಿಸಿದ್ದೇನೆ.